ಸಣ್ಣ ಊರಿಗೆ ಸ್ವಂತ ಅಗ್ನಿಶಾಮಕ ದಳ ಬೇಕೆ: ಅಕ್ಕಲಕೋಟೆ ಸೀಮೆಯಿಂದ ಒಂದು ಉತ್ತರ

ಸಣ್ಣ ಊರು ಅಗ್ನಿಶಾಮಕ ದಳವನ್ನು ತಾನೇ ಸಾಕಬೇಕೆ ಎಂದು ತಾವು ಕೇಳಿದ್ದೀರಿ. ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಗಡಿ ಊರಾದ ನಮ್ಮ ಅಕ್ಕಲಕೋಟೆಯಲ್ಲಿ ಬೆಂಕಿ ಆರಿಸುವ ದಳವು ಊರಿನ ನಗರ ಪರಿಷತ್ತಿನ ಕೈಯಲ್ಲಿದೆ ಎಂಬುದು ಮೈಸೂರು ಸೀಮೆಯವರಾದ ತಮಗೆ ಹೊಸದಾಗಿ ಕಂಡಿರುವುದು ಸಹಜವೇ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆಯ ಪ್ರಕಾರ ಇಡೀ ರಾಜ್ಯಕ್ಕೆ ಒಂದೇ ದಳವಿದೆ. ಅದು ಗೃಹ ಇಲಾಖೆಯ ಅಧೀನದಲ್ಲಿದ್ದು, ಸಿಬ್ಬಂದಿಯ ಸಂಬಳ, ವರ್ಗಾವಣೆ, ಬಡ್ತಿ, ವಾಹನ ಖರೀದಿ ಎಲ್ಲವನ್ನೂ ರಾಜ್ಯವೇ ನೋಡಿಕೊಳ್ಳುತ್ತದೆ. ಆದ್ದರಿಂದ ತಮ್ಮ ಕಡೆಯ ಪುರಸಭೆಗೆ ಅದರ ಖರ್ಚೂ ಇಲ್ಲ, ಅದರ ಮೇಲೆ ಅಧಿಕಾರವೂ ಇಲ್ಲ. ಭೀಮಾ ನದಿ ದಾಟಿ ಸೋಲಾಪುರ ಜಿಲ್ಲೆಗೆ ಬಂದರೆ ವ್ಯವಸ್ಥೆ ಬೇರೆ. ಮಹಾರಾಷ್ಟ್ರದಲ್ಲಿ ದಳವನ್ನು ಸಾಕುವವರು ಮಹಾನಗರಪಾಲಿಕೆಗಳು ಮತ್ತು ನಗರ ಪರಿಷತ್ತುಗಳು. ರಾಜ್ಯದ ಅಗ್ನಿಶಾಮಕ ನಿರ್ದೇಶನಾಲಯವು ನಿಯಮ ರೂಪಿಸುತ್ತದೆ, ತರಬೇತಿ ಕೊಡುತ್ತದೆ, ಮೇಲ್ವಿಚಾರಣೆ ಮಾಡುತ್ತದೆ; ಆದರೆ ಗಂಟೆ ಬಾರಿಸಿದಾಗ ಓಡುವ ವಾಹನ ಊರಿನದು, ಅದಕ್ಕೆ ಡೀಸೆಲ್ ಹಾಕಿಸುವುದೂ ಊರೇ.

ಇದು ಮಹಾರಾಷ್ಟ್ರದ ಹಟವೇನಲ್ಲ. 1992ರ 74ನೆಯ ಸಂವಿಧಾನ ತಿದ್ದುಪಡಿಯು ನಗರಾಡಳಿತಗಳಿಗೆ ಒಪ್ಪಿಸಬಹುದಾದ 18 ಕೆಲಸಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಹೇಳಿದೆ; ಅಗ್ನಿಶಾಮಕ ಸೇವೆ ಅವುಗಳಲ್ಲೊಂದು. ಒಪ್ಪಿಸಲೇಬೇಕೆಂದು ಕಟ್ಟಳೆ ಇಲ್ಲದಿರುವುದರಿಂದ ಕರ್ನಾಟಕ, ಕೇರಳಗಳು ರಾಜ್ಯದ ದಳವನ್ನೇ ಉಳಿಸಿಕೊಂಡಿವೆ. ಹಾಗಾಗಿ ಇದೇ ಗಡಿನಾಡಿನ ಇನ್ನೊಂದು ತುದಿಯಾದ ಕಾಸರಗೋಡಿನ ಕನ್ನಡಿಗರಿಗೆ ನಮ್ಮ ಈ ಚರ್ಚೆಯ ಪರಿಚಯವೇ ಇರಲಾರದು.

ತಮ್ಮ ಪ್ರಶ್ನೆ ನೇರವಾಗಿದೆ: ನಲವತ್ತು ಸಾವಿರ ಜನರ ಊರೊಂದು ಈ ಹೊರೆಯನ್ನು ತಾನೇ ಹೊರಬೇಕೆ, ಅಥವಾ ರಾಜ್ಯಕ್ಕೆ ಬಿಟ್ಟುಕೊಟ್ಟು ನಿಶ್ಚಿಂತೆಯಿಂದ ಇರಬೇಕೆ? ಅಗ್ನಿಶಾಮಕ ಠಾಣೆ ಊರಿನದಾಗಿಯೇ ಇರಬೇಕು, ಆದರೆ ಇಂದಿನ ರೀತಿಯಲ್ಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿವರಿಸುತ್ತೇನೆ.

ಬೆಂಕಿಯ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಸಮಯ. ಕರೆ ಬಂದ ಮೇಲೆ ಪಟ್ಟಣ ಪ್ರದೇಶದಲ್ಲಿ 5ರಿಂದ 7 ನಿಮಿಷ, ಗ್ರಾಮೀಣ ಪ್ರದೇಶದಲ್ಲಿ 20 ನಿಮಿಷದೊಳಗೆ ವಾಹನ ತಲುಪಬೇಕು ಎಂಬುದು ದೇಶದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಮಾನದಂಡ. ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಸುಮಾರು 40 ಕಿಲೋಮೀಟರು. ಊರಿನ ಠಾಣೆ ಮುಚ್ಚಿ ಜಿಲ್ಲಾ ಕೇಂದ್ರದ ದಳವನ್ನೇ ನಂಬಿದರೆ, ರಸ್ತೆ ಎಷ್ಟೇ ಚೆನ್ನಾಗಿದ್ದರೂ ಮುಕ್ಕಾಲು ಗಂಟೆಗೆ ಮೊದಲು ಅಲ್ಲಿಂದ ಯಾರೂ ಬರಲಾರರು. ಅಷ್ಟರಲ್ಲಿ ಪೇಟೆಯ ಸಾಲಂಗಡಿಗಳಲ್ಲಿ ಒಂದಕ್ಕೆ ಹತ್ತಿದ ಬೆಂಕಿ ಇಡೀ ಸಾಲನ್ನು ಹಿಡಿದಿರುತ್ತದೆ. ಸಂತ ಸ್ವಾಮಿ ಸಮರ್ಥರ ಕ್ಷೇತ್ರವಾದ್ದರಿಂದ ಗುರುಪೂರ್ಣಿಮೆ, ದತ್ತಜಯಂತಿಗಳಂದು ಊರಿನಲ್ಲಿರುವ ಜನ ಜನಗಣತಿಯ ಲೆಕ್ಕಕ್ಕೆ ಸಿಗುವವರಲ್ಲ. ಐವತ್ತು ಸಾವಿರ ಜನಸಂಖ್ಯೆಗೆ ಒಂದು ಪಂಪು ವಾಹನ ಎಂಬ ಹಳೆಯ ಸೂತ್ರ ಇಂಥ ಯಾತ್ರಾಸ್ಥಳಕ್ಕೆ ಸಾಕಾಗುವುದಿಲ್ಲ.

ವಾಹನ ತಲುಪಿದ ಮೇಲಿನ ಪ್ರಶ್ನೆ ನೀರಿನದು, ಇದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. 4,500 ಲೀಟರಿನ ಟ್ಯಾಂಕಿರುವ ವಾಹನದಿಂದ ನಿಮಿಷಕ್ಕೆ 450 ಲೀಟರಿನಂತೆ ಒಂದೇ ಪೈಪು ಬಿಟ್ಟರೂ ಹತ್ತು ನಿಮಿಷಕ್ಕೆ ಟ್ಯಾಂಕು ಬರಿದಾಗುತ್ತದೆ. ಮುಂದಿನ ನೀರು ಎಲ್ಲಿಂದ? ನಮ್ಮದು ನಲ್ಲಿಗೆ ಕೆಲವು ದಿನಗಳಿಗೊಮ್ಮೆ ನೀರು ಬರುವ ಬರದ ಸೀಮೆ. ಯಾವ ಮೇಲ್ತೊಟ್ಟಿಯಲ್ಲಿ ಈ ಹೊತ್ತು ನೀರಿದೆ, ಯಾವ ಓಣಿಗೆ ಇವತ್ತು ಸರದಿ, ಯಾವ ಬಾವಿಯ ಹತ್ತಿರ ಟ್ಯಾಂಕರ್ ನಿಲ್ಲಬಲ್ಲದು ಎಂಬುದು ನೀರು ಬಿಡುವ ವಾಲ್‌ಮನ್‌ಗೆ ಬಾಯಿಪಾಠ. ಅವನೂ ಅಗ್ನಿಶಾಮಕದವನೂ ಒಂದೇ ನಗರ ಪರಿಷತ್ತಿನ ನೌಕರರಾಗಿರುವುದರಿಂದ ಒಂದು ಫೋನಿನಲ್ಲಿ ಕೆಲಸವಾಗುತ್ತದೆ. ದಳ ಒಂದು ಇಲಾಖೆಗೆ, ನೀರು ಇನ್ನೊಂದಕ್ಕೆ ಸೇರಿದ ಕಡೆಯೂ ಒಳ್ಳೆಯ ಅಧಿಕಾರಿಗಳಿದ್ದರೆ ಕೆಲಸ ನಡೆಯುತ್ತದೆ. ಆದರೆ ನಡುರಾತ್ರಿಯಲ್ಲಿ ಯಾರಾದರೂ ಒಳ್ಳೆಯವರಾಗಿರುತ್ತಾರೆ ಎಂಬ ಭರವಸೆಯ ಮೇಲೆ ವ್ಯವಸ್ಥೆ ಕಟ್ಟಬಾರದು.

ಗಡಿಯ ಊರಿಗೆ ಇನ್ನೂ ಒಂದು ಕಾರಣವಿದೆ, ಅದು ಭಾಷೆ. ತಾಲೂಕಿನ ಬಹಳಷ್ಟು ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಗಂಡಸರು ಎರಡನ್ನೂ ಆಡುತ್ತಾರೆ, ಶಾಲೆ ಕಲಿತ ಮಕ್ಕಳೂ ಆಡುತ್ತಾರೆ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಹೊಲದ ಬದಿಯ ಮನೆಯಲ್ಲಿ ಒಬ್ಬರೇ ಇರುವ ಮುದುಕಿ ಗಾಬರಿಯಲ್ಲಿ ಮೊಬೈಲ್ ಹಿಡಿದು ‘ಬಣವಿಗಿ ಬೆಂಕಿ ಬಿದ್ದೈತ್ರೀ’ ಎಂದಾಗ, ಅತ್ತ ಕಡೆ ಕುಳಿತವನಿಗೆ ಆ ಮಾತು ತಿಳಿಯಬೇಕು. ಅವಳು ಹೇಳುವ ಹಳ್ಳ, ಗುಡಿ, ಗೌಡರ ತೋಟದ ಗುರುತುಗಳಿಂದಲೇ ದಾರಿ ಹೊಳೆಯಬೇಕು. ಊರಿನವರೇ ತುಂಬಿರುವ ದಳಕ್ಕೆ ಇದು ಕಷ್ಟವಲ್ಲ. ಕೊಂಕಣದಿಂದಲೋ ವಿದರ್ಭದಿಂದಲೋ ವರ್ಗವಾಗಿ ಬಂದವರಿಗೆ, ಅವರು ಎಷ್ಟೇ ದಕ್ಷರಾಗಿದ್ದರೂ, ಆ ಮೊದಲ ಎರಡು ನಿಮಿಷ ವ್ಯರ್ಥವಾಗುತ್ತವೆ. ರಾಜ್ಯದ ದಳವೇ ಬರಲಿ ಎನ್ನುವ ಸ್ನೇಹಿತರಿಗೆ ನಾನು ಮೊದಲು ಹೇಳುವ ಮಾತು ಇದೇ.

ಇಷ್ಟೆಲ್ಲ ಹೇಳಿದ ಮೇಲೆ ಖರ್ಚಿನ ಮಾತನ್ನು ಮರೆಮಾಚುವುದು ಸರಿಯಲ್ಲ. ವಾಹನ ಕೊಳ್ಳುವುದು ಸುಲಭ. ಅದಕ್ಕೆ ಅನುದಾನ ಸಿಗುತ್ತದೆ, ಪೂಜೆಯಾಗುತ್ತದೆ, ಫೋಟೋ ತೆಗೆಸಿಕೊಳ್ಳುತ್ತಾರೆ. 15ನೆಯ ಹಣಕಾಸು ಆಯೋಗದ ಶಿಫಾರಸಿನಂತೆ ಅಗ್ನಿಶಾಮಕ ಸೇವೆಗಳ ವಿಸ್ತರಣೆ, ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಕೇಂದ್ರ ಯೋಜನೆಯೂ ಬಂದಿದೆ. ಕಷ್ಟವಿರುವುದು ಮನುಷ್ಯರನ್ನು ಇಟ್ಟುಕೊಳ್ಳುವುದರಲ್ಲಿ. ಒಂದು ವಾಹನಕ್ಕೆ ಚಾಲಕ ಸೇರಿ ಆರು ಜನ ಎಂದುಕೊಂಡರೆ ಮೂರು ಪಾಳಿಗೆ ಹದಿನೆಂಟು ಜನ ಬೇಕು. ವಾರದ ರಜೆ, ಕಾಯಿಲೆ, ತರಬೇತಿ ಲೆಕ್ಕ ಹಿಡಿದರೆ ಇಪ್ಪತ್ತೆರಡಕ್ಕೆ ಕಡಿಮೆ ಸಾಲದು. ಮನೆಪಟ್ಟಿಯೇ (ಮನೆ ತೆರಿಗೆಯೇ) ಪೂರ್ತಿ ವಸೂಲಾಗದ ಸಣ್ಣ ನಗರ ಪರಿಷತ್ತಿಗೆ ಇದು ದೊಡ್ಡ ಭಾರ. ಆದ್ದರಿಂದಲೇ ಅನೇಕ ಸಣ್ಣ ಊರುಗಳಲ್ಲಿ ಗುತ್ತಿಗೆಯ ಚಾಲಕನೊಬ್ಬ, ಬೇರೆ ವಿಭಾಗದಿಂದ ಕರೆತಂದ ಇಬ್ಬರು ಕಾಮಗಾರರು ಸೇರಿ ಬಂಬ (ಬೆಂಕಿ ಆರಿಸುವ ವಾಹನ) ಓಡಿಸುವ ಪರಿಸ್ಥಿತಿ ಇದೆ. ಉಸಿರಾಟದ ಉಪಕರಣ ಹಾಕಿಕೊಳ್ಳಲು ಕಲಿಯದವನನ್ನು ಹೊಗೆ ತುಂಬಿದ ಕೋಣೆಯೊಳಗೆ ಕಳುಹಿಸುವುದು ಬೆಂಕಿ ಆರಿಸುವ ಕೆಲಸವಲ್ಲ, ಅವನ ಪ್ರಾಣವನ್ನು ಪಣಕ್ಕಿಡುವುದು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಹಡಗು ಸ್ಫೋಟದಲ್ಲಿ 66 ಅಗ್ನಿಶಾಮಕರು ಸತ್ತರು. ಪ್ರತಿವರ್ಷ ಅದೇ ದಿನವನ್ನು ನಾವು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತೇವೆ. ಅವರನ್ನು ನೆನೆಯುವ ಊರು ತನ್ನ ಹುಡುಗರಿಗೆ ಸರಿಯಾದ ಬೂಟು, ಹೆಲ್ಮೆಟ್ಟನ್ನಾದರೂ ಕೊಡಲೇಬೇಕು.

ಇದಕ್ಕೆ ದಾರಿ ಇಲ್ಲವೆಂದಿಲ್ಲ. ನಗರ ಪರಿಷತ್ತುಗಳ ನೀರು, ಲೆಕ್ಕ, ಸ್ಥಾಪತ್ಯ (ಕಟ್ಟಡ ಕಾಮಗಾರಿ) ವಿಭಾಗಗಳಿಗೆ ಇರುವಂತೆ ಅಗ್ನಿಶಾಮಕ ಸೇವೆಗೂ ರಾಜ್ಯಮಟ್ಟದ ಸಂವರ್ಗ (ಕೇಡರ್) ಇಲ್ಲಿ ಇದೆ. ಠಾಣೆಯ ಮುಖ್ಯಸ್ಥ ಆ ಸಂವರ್ಗದಿಂದ, ಅಂದರೆ ತರಬೇತಿ ಪಡೆದು ಬರಲಿ, ಉಳಿದ ಸಿಬ್ಬಂದಿ ಊರಿನವರಿರಲಿ. ಸಂಬಳದಲ್ಲಿ ರಾಜ್ಯ ಪಾಲು ಕೊಡಲಿ.

ಪಾಲಿನ ಮಾತಿಗೆ ಇನ್ನೊಂದು ಬಲವಾದ ಕಾರಣ ಹಳ್ಳಿಗಳು. ನಗರ ಪರಿಷತ್ತಿನ ಹದ್ದು, ಅಂದರೆ ಎಲ್ಲೆ, ಕೆಲವೇ ಕಿಲೋಮೀಟರಿಗೆ ಮುಗಿಯುತ್ತದೆ, ತಾಲೂಕಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿವೆ. ಫೆಬ್ರುವರಿಯಿಂದ ಮೇವರೆಗೆ ಜೋಳದ ಕಣಕಿಯ ಬಣವೆ, ಕಟಾವಿಗೆ ಬಂದ ಕಬ್ಬು, ತೋಟದ ಗುಡಿಸಲು ಹೀಗೆ ಒಂದಲ್ಲ ಒಂದು ಸುಡುತ್ತಲೇ ಇರುತ್ತದೆ. ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಬಿದ್ದರೆ ಎಕರೆಗಟ್ಟಲೆ ಕಬ್ಬು ಹೋಗುತ್ತದೆ. ಬಣವೆ ಸುಟ್ಟ ಮನೆಯವರು ಆ ಬೇಸಗೆಯಲ್ಲಿ ದನಗಳನ್ನು ಮಾರಬೇಕಾಗುತ್ತದೆ. ಇಂಥ ಕರೆ ಬಂದರೆ ಊರಿನ ವಾಹನ ಹೋಗುತ್ತದೆ, ಹೋಗಲೇಬೇಕು. ಆದರೆ ಹದ್ದಿನ ಹೊರಗೆ ಹೋದದ್ದಕ್ಕೆ ಶುಲ್ಕ ಕೇಳುವ ಪದ್ಧತಿ ಹಲವು ಕಡೆ ಇದೆ. ಮೇವು ಕಳೆದುಕೊಂಡವನ ಮುಂದೆ ಬಿಲ್ಲು ಹಿಡಿಯುವುದು ನನಗೆ ಸರಿಯೆನಿಸುವುದಿಲ್ಲ. ವಾಹನ ಇಪ್ಪತ್ತೈದು ಕಿಲೋಮೀಟರು ದೂರದ ಹಳ್ಳಿಗೆ ಹೋದ ಹೊತ್ತಿನಲ್ಲಿ ಊರು ಬರಿಗೈಯಲ್ಲಿರುತ್ತದೆ ಎಂಬುದೂ ಅಷ್ಟೇ ನಿಜ. ಸಕ್ಕರೆ ಕಾರ್ಖಾನೆಗಳು ತಮ್ಮ ವಾಹನ ಕಳುಹಿಸಿ ಉಪಕಾರ ಮಾಡುವುದುಂಟು, ಅದು ಅವರ ಸೌಜನ್ಯ. ಬೆಂಕಿಯ ಲೆಕ್ಕದಲ್ಲಿ ಘಟಕ ಊರಲ್ಲ, ತಾಲೂಕು. ಎರಡನೆಯ ವಾಹನ ಮತ್ತು ಅದರ ಸಿಬ್ಬಂದಿಯ ಖರ್ಚು ಜಿಲ್ಲಾ ಪರಿಷತ್ತು, ರಾಜ್ಯಗಳ ಮೇಲೆ ಬರಬೇಕು. ಈ ಒಂದು ವಿಷಯದಲ್ಲಿ ಕರ್ನಾಟಕದ ವ್ಯವಸ್ಥೆ ನಮ್ಮದಕ್ಕಿಂತ ನ್ಯಾಯವಾದದ್ದು ಎಂದು ಒಪ್ಪುತ್ತೇನೆ, ಏಕೆಂದರೆ ಅಲ್ಲಿ ಹಳ್ಳಿಯವರೂ ಪಟ್ಟಣದವರೂ ಒಂದೇ ಖಜಾನೆಯ ದಳವನ್ನು ಕರೆಯುತ್ತಾರೆ.

ಕಟ್ಟಡಗಳ ಅಗ್ನಿ ಸುರಕ್ಷತೆಯ ತಪಾಸಣೆಯನ್ನು ಮಾತ್ರ ಊರಿನ ಕೈಯಲ್ಲಿ ಬಿಡಬಾರದು. 2025ರ ಮೇ 18ರ ನಸುಕಿನಲ್ಲಿ ಸೋಲಾಪುರದ ಅಕ್ಕಲಕೋಟ ರಸ್ತೆಯ ಕೈಗಾರಿಕಾ ಪ್ರದೇಶದ ಟವಲ್ ಕಾರ್ಖಾನೆಗೆ ಬೆಂಕಿ ಬಿದ್ದು ಎಂಟು ಜನ ಸತ್ತರು, ಅವರಲ್ಲಿ ಹಸುಗೂಸೂ ಇತ್ತು. ಅದು ದೊಡ್ಡ ನಗರ, ದಳವಿರುವ ನಗರ. ನೂಲು, ಬಟ್ಟೆ ತುಂಬಿದ ಕಟ್ಟಡದಲ್ಲಿಯೇ ಜನ ಮಲಗುವ ಕಡೆ, ಬೆಂಕಿ ಹತ್ತಿದ ಮೇಲೆ ಯಾವ ದಳ ಬಂದರೂ ತಡವೇ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯ್ದೆಯಂತೆ, ಕಾಯ್ದೆಗೆ ಒಳಪಡುವ ಕಟ್ಟಡದವರು ತಮ್ಮ ಉಪಕರಣಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರವನ್ನು ಪ್ರತಿವರ್ಷ ಜನವರಿ, ಜುಲೈಗಳಲ್ಲಿ ಸಲ್ಲಿಸಬೇಕು. ಅದನ್ನು ಕೇಳಿ ಪಡೆಯುವವನು, ಇಲ್ಲದಿದ್ದರೆ ಬೀಗ ಹಾಕುವವನು, ಎಲ್ಲರೂ ಒಬ್ಬರಿಗೊಬ್ಬರು ನೆಂಟರಾಗಿರುವ ಸಣ್ಣ ಊರಿನ ನೌಕರನಾಗಿದ್ದರೆ ಕೈ ನಡುಗುವುದು ಸಹಜ. ಅಂಗಡಿಯವನು ನಗರಸೇವಕನ (ನಗರ ಪರಿಷತ್ತಿನ ಸದಸ್ಯನ) ಸೋದರಮಾವನಾಗಿರುತ್ತಾನೆ. ಈ ಅಧಿಕಾರ ಜಿಲ್ಲೆಯಲ್ಲಿ ಕುಳಿತ ರಾಜ್ಯದ ಅಧಿಕಾರಿಯದಾಗಿರಬೇಕು.

ಕೊನೆಯದಾಗಿ ಗಡಿ. ನಮ್ಮ ದಕ್ಷಿಣಕ್ಕೆ ಭೀಮೆಯ ಆಚೆ ಕರ್ನಾಟಕದ ಇಂಡಿ ತಾಲೂಕು, ಪೂರ್ವದ ಕಡೆಗೆ ಅಫಜಲಪುರ, ಆಳಂದ. ಅಂಚಿನ ಕೆಲವು ಹಳ್ಳಿಗಳಿಗೆ ಕರ್ನಾಟಕದ ಠಾಣೆಯೇ ಹತ್ತಿರವಾಗಬಹುದು. ಅತ್ತಲಿನ ಕೆಲವಕ್ಕೆ ನಮ್ಮದು. ತುರ್ತು ಸಂಖ್ಯೆ 112ಕ್ಕೆ ಮಾಡಿದ ಕರೆಯು ಆಚೆಯ ಟವರಿಗೆ ಸಿಕ್ಕಿ ಬೇರೆ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗುವುದೂ ಉಂಟು. ಎರಡೂ ಕಡೆಯ ಸಿಬ್ಬಂದಿಗೆ ಮನಸ್ಸಿದ್ದರೂ, ಹದ್ದು ದಾಟಿ ಹೋದಾಗ ವಾಹನಕ್ಕೆ ಅಪಘಾತವಾದರೆ, ಹುಡುಗನೊಬ್ಬನಿಗೆ ಗಾಯವಾದರೆ ಹೊಣೆ ಯಾರದೆಂದು ಮೊದಲೇ ಬರೆದಿಟ್ಟಿರಬೇಕು. ಸೋಲಾಪುರ, ವಿಜಯಪುರ, ಕಲಬುರಗಿ ಜಿಲ್ಲಾಧಿಕಾರಿಗಳು ಕುಳಿತು ಯಾವ ಹಳ್ಳಿಗೆ ಯಾವ ಠಾಣೆ ಮೊದಲು ಹೋಗಬೇಕೆಂಬ ಪಟ್ಟಿ ಮಾಡಿ, ಆ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು ಎರಡೂ ಭಾಷೆಗಳಲ್ಲಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರೆಸಿದರೆ, ಗಡಿವಿವಾದದ ತೀರ್ಪಿಗಾಗಿ ಕಾಯದೆಯೇ ಈ ಬೇಸಗೆಯಲ್ಲೇ ಬಣವೆಗಳನ್ನು ಉಳಿಸಲು ಸಾಧ್ಯ.