‘ಸ್ಕೂಲಿಗೆ ಕಳಿಸಲಾ ಮೇಡಂ?’

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

2021ರ ಅಕ್ಟೋಬರ್ 25ಕ್ಕೆ ಕರ್ನಾಟಕದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೂ ಸ್ಕೂಲು ಶುರುವಾಯಿತು. ಅದಾಗಿ ಹತ್ತು ದಿನಕ್ಕೆ ಸರೋಜಾ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಏಳು ವರ್ಷ. ಹುಟ್ಟುವಾಗಲೇ ಹೃದಯದ ಗೋಡೆಯಲ್ಲಿ ತೂತಿತ್ತು. ಒಂದೂವರೆ ವರ್ಷಕ್ಕೆ ಆಪರೇಷನ್ ಮಾಡಿ ಮುಚ್ಚಿದ್ದರು. ಜೊತೆಗೆ ಅಸ್ತಮಾ.

“ಹಾರ್ಟೂ ವೀಕು, ಉಸಿರೂ ವೀಕು ಮೇಡಂ. ಕೊರೊನಾ ಬಂದ್ರೆ ಇವಳು ಉಳೀತಾಳಾ?”

ಲಾಕ್‌ಡೌನ್ ಆದಾಗಿನಿಂದ ಮಗು ಗೇಟು ದಾಟಿರಲಿಲ್ಲ. ಚಿತ್ರ ಬರಿ ಅಂತ ನಾನು ಪೆನ್ಸಿಲ್ ಚಾಚಿದೆ. ಅವಳು ತೋರುಬೆರಳು ಮುಂದೆ ಮಾಡಿದಳು. ಮನೆಯಲ್ಲಿ ದಿನಕ್ಕೆ ಏಳೆಂಟು ಸಲ ಬೆರಳಿಗೆ ಆಕ್ಸಿಮೀಟರ್ (ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಯಂತ್ರ) ಹಾಕುತ್ತಿದ್ದರಂತೆ. ನನಗೆ ಗಂಟಲು ಕಟ್ಟಿತು.

ಔಷಧಿ ಬಗ್ಗೆ ಕೇಳಿದೆ. ಅಸ್ತಮಾಗೆ ದಿನಾ ತೆಗೆದುಕೊಳ್ಳುವ ಪಂಪ್ (ಇನ್ಹೇಲರ್) ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು. “ಅದ್ರಲ್ಲಿ ಸ್ಟೀರಾಯ್ಡ್ ಇದೆಯಂತೆ, ಶಕ್ತಿ ಕುಗ್ಗತ್ತಂತೆ.” ಹೃದಯದ ಚೆಕಪ್‌ಗೆ ಹೋಗಿ ಎರಡು ವರ್ಷ. ಸ್ಕೂಲಿಗಿಂತ ನನಗೆ ಹೆದರಿಕೆಯಾಗಿದ್ದು ಇದಕ್ಕೆ.

“ನೋಡಿಮ್ಮಾ, ನಾನು ಡಾಕ್ಟರಲ್ಲ. ಆದರೆ ಪಂಪ್ ನಾವೇ ನಿಲ್ಲಿಸೋದು ಬೇಡ. ಅಸ್ತಮಾ ಹತೋಟಿಯಲ್ಲಿರೋ ಮಗುವಿಗೆ ಯಾವ ಸೋಂಕು ಬಂದರೂ ತಡೆದುಕೊಳ್ಳೋ ಬಲ ಜಾಸ್ತಿ” ಅಂದೆ. ಇಬ್ಬರೂ ಕೂತು ಡಾಕ್ಟರಿಗೆ ಕೇಳಬೇಕಾದ್ದನ್ನು ಬರೆದೆವು. ಮೊದಲ ಪ್ರಶ್ನೆ: ಇವಳ ಹೃದಯ ಇವತ್ತು ಹೇಗಿದೆ?

ಹುಟ್ಟಿನಿಂದ ಬಂದ ಹೃದಯದ ತೊಂದರೆಗಳೆಲ್ಲ ಒಂದೇ ಅಲ್ಲ. ಮೈ ನೀಲಿಗಟ್ಟುವ, ಹೃದಯ ಸೋತಿರುವ, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಹೆಚ್ಚಿರುವ, ಮನೆಯಲ್ಲೇ ಆಕ್ಸಿಜನ್ ಬೇಕಾಗುವ ಮಕ್ಕಳಿಗೆ ಕೊರೊನಾ ಗಂಭೀರವಾಗುವ ಸಂಭವ ಜಾಸ್ತಿ. ತೂತು ಪೂರ್ತಿ ಮುಚ್ಚಿ, ಹೃದಯ ಚೆನ್ನಾಗಿ ಪಂಪ್ ಮಾಡುತ್ತಿರುವ ಮಗುವನ್ನು ಆ ಸಾಲಿಗೆ ಸೇರಿಸಬೇಕಾಗಿಲ್ಲ. ಸರೋಜಾಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ಮುಂದಿನ ವಾರ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರು. ಹೃದಯ ಚೆನ್ನಾಗಿತ್ತು. ಪಂಪ್ ಮತ್ತೆ ಶುರುವಾಯಿತು, ಸ್ಪೇಸರ್ (ಔಷಧಿ ಸರಿಯಾಗಿ ಒಳಗೆ ಹೋಗಲು ಪಂಪ್‌ಗೆ ಸಿಕ್ಕಿಸುವ ಕೊಳವೆ) ಹಾಕಿಯೇ. ಫ್ಲೂ ಲಸಿಕೆಯನ್ನೂ ಹಾಕಿದರು. ಕೊರೊನಾ ಲಸಿಕೆ ಆಗ ಮಕ್ಕಳಿಗೆ ಶುರುವಾಗಿರಲಿಲ್ಲ. ಹಾಗಾಗಿ ಸುತ್ತಲಿನ ದೊಡ್ಡವರು ಹಾಕಿಸಿಕೊಳ್ಳಲೇಬೇಕಿತ್ತು. ಅಜ್ಜ ಒಂದು ಡೋಸೂ ತೆಗೆದುಕೊಂಡಿರಲಿಲ್ಲ! ಫೋನಿನಲ್ಲಿ ನಾನೇ ಮಾತಾಡಿದೆ. “ಮೊಮ್ಮಗಳಿಗೋಸ್ಕರ” ಅಂದಿದ್ದಕ್ಕೆ ಒಪ್ಪಿದರು.

ಆಕ್ಸಿಮೀಟರ್ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡೆವು. ಜ್ವರ, ಕೆಮ್ಮು ಇದ್ದಾಗ ಮಾತ್ರ ಹಾಕೋದು. ಸುಮ್ನೆ ಕೂತಿದ್ದಾಗಲೂ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಕಾಯದೆ ಆಸ್ಪತ್ರೆಗೆ. ಸೋಂಕಾಗಿ 2ರಿಂದ 6 ವಾರದೊಳಗೆ ಜ್ವರ, ಮೈಮೇಲೆ ಗಂದೆ, ಕೆಂಪು ಕಣ್ಣು, ಹೊಟ್ಟೆನೋವು ಬಂದರೂ ಹಾಗೆಯೇ. (ಮೈ ನೀಲಿಗಟ್ಟುವ ಮಕ್ಕಳಲ್ಲಿ ಈ 94ರ ಲೆಕ್ಕ ನಡೆಯದು. ಅವರ ಅಂಕಿ ಯಾವಾಗಲೂ ಕೆಳಗೇ ಇರುತ್ತದೆ. ನಿಮ್ಮ ಮಗುವಿನ ಅಂಕಿ ಎಷ್ಟು ಅಂತ ಹೃದಯದ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.)

ಡಿಸೆಂಬರಿನಲ್ಲಿ ಸರೋಜಾ ಫೋನ್ ಮಾಡಿದರು. ಮಗಳು ಸ್ಕೂಲಿಂದ ಓಡಿಕೊಂಡು ಬಂದಳಂತೆ, ಏದುಸಿರು ಬಿಡುತ್ತಾ. ಇವರು ಎದುರಿಗೆ ಕೂತು ಉಸಿರು ಎಣಿಸಿದರಂತೆ. ಐದು ನಿಮಿಷಕ್ಕೆ ಸರಿಹೋಯಿತಂತೆ.

“ಆದ್ರೂ ಒಂದ್ಸಲ ಆಕ್ಸಿಮೀಟರ್ ಹಾಕಿಬಿಟ್ಟೆ ಮೇಡಂ. 98 ಇತ್ತು.”

“ಪರವಾಗಿಲ್ಲಮ್ಮಾ” ಅಂದೆ.