ಸಾವಿರ ರೂಪಾಯಿಯೊಳಗೆ ಮನೆಯಲ್ಲೇ ಆಂಪ್ಲಿಫೈಯರ್ ಮಾಡಬಹುದೇ?

ಮಾಡಬಹುದು. ನೀವು ಕೊಡಗಿನ ಸೋಮವಾರಪೇಟೆ ಕಡೆಯವರು, ಫೋನಿನ ಹಾಡು ಜೋರಾಗಿ ಕೇಳಬೇಕು, ಟಿಡಿಎ2030 ಐಸಿ (ಸದ್ದು ಹೆಚ್ಚಿಸುವ ಚಿಪ್) ತರಲೇ ಎಂದು ಕೇಳಿದ್ದೀರಿ. ನಾನೂ ಕೊಡಗಿನವನೇ, ನಾಪೋಕ್ಲು ಹತ್ತಿರ. ನನ್ನ ಮೊದಲ ಆಂಪ್ಲಿಫೈಯರ್ ಅದೇ ಐಸಿಯದ್ದು. ಈಗ ಯಾರು ಕೇಳಿದರೂ ಬೇಡ ಅಂತೀನಿ.

ಐಸಿ ಕೆಟ್ಟದ್ದಲ್ಲ. ದುಡ್ಡು ತಿನ್ನುವುದು ಅದರ ಟ್ರಾನ್ಸ್‌ಫಾರ್ಮರ್. ಎಲ್ಲರೂ 12-0-12 ತರುತ್ತಾರೆ, ಅಂದರೆ ನಡುವಿನ ವೈರಿನಿಂದ ಎರಡೂ ಕಡೆ 12 ವೋಲ್ಟ್ ಕೊಡುವುದು. ಡಯೋಡ್, ಕೆಪಾಸಿಟರ್ ದಾಟಿದ ಮೇಲೆ ಅದು ಎರಡೂ ಕಡೆ 16 ವೋಲ್ಟ್ ಆಸುಪಾಸು ಆಗುತ್ತದೆ. ಐಸಿಯ ಮಿತಿ ಎರಡೂ ಕಡೆ 18 ವೋಲ್ಟ್. ಹಾಡು ನಿಂತಾಗ ವೋಲ್ಟೇಜ್ ಇನ್ನೂ ಏರುತ್ತದೆ, ಅದರ ಮೇಲೆ ನಮ್ಮ ಲೈನಿನ ಏರಿಳಿತ. ಹಾಕಲೇಬೇಕೆಂದಿದ್ದರೆ 9-0-9 ಹಾಕಿ. ಆದರೂ ಕರೆಂಟ್ ಹೋದರೆ ಅದು ಸುಮ್ನೆ ಒಂದು ಪೆಟ್ಟಿಗೆ. ಜುಲೈ ಮಳೆಗೆ ಮರ ಬಿದ್ದರೆ ನಮ್ಮಲ್ಲಿ ಕರೆಂಟ್ ಯಾವಾಗ ಬರುತ್ತದೋ ನಿಮಗೇ ಗೊತ್ತಲ್ವಾ?

ಅದಕ್ಕೇ 12 ವೋಲ್ಟಿನದ್ದು ಮಾಡಿ. ಟಿಡಿಎ7297 ಅನ್ನೋ ಇನ್ನೊಂದು ಐಸಿಯ ಬೋರ್ಡ್ ರೆಡಿಯಾಗಿ ಸಿಗುತ್ತದೆ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ. ಎರಡು ಚಾನೆಲ್, ತಲಾ 15 ವ್ಯಾಟ್ ಎಂದು ಬರೆದಿರುತ್ತಾರೆ. ಅದು 16.5 ವೋಲ್ಟಿನ ಲೆಕ್ಕ. 12ರಲ್ಲಿ ಅರ್ಧದಷ್ಟು ಅಂದುಕೊಳ್ಳಿ. ಬೇಜಾರು ಬೇಡ. ವ್ಯಾಟ್ ಅರ್ಧವಾದರೆ ಸದ್ದು ಇಳಿಯುವುದು 3 ಡೆಸಿಬಲ್ ಅಷ್ಟೇ, ಕಿವಿಗೆ ಸ್ವಲ್ಪ ಕಮ್ಮಿ ಅನಿಸಬಹುದು. ಹಳೆಯ ರೂಟರಿನ ಅಡಾಪ್ಟರ್ ಮನೆಯಲ್ಲಿದ್ದರೆ ಮೊದಲು ಅದರ ಮೇಲೆ ಬರೆದದ್ದು ಓದಿ. 12 ವೋಲ್ಟ್, 2 ಆಂಪಿಯರ್ ಇದ್ದರೆ ಸಾಕು. ಕರೆಂಟ್ ಇಲ್ಲದಾಗ ಯುಪಿಎಸ್‌ನ 12 ವೋಲ್ಟ್, 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ. ಸರಾಸರಿ ಅರ್ಧ ಆಂಪಿಯರ್ ಎಳೆದರೆ ಲೆಕ್ಕಕ್ಕೆ 14 ಗಂಟೆ ಬರಬೇಕು, ಆದರೆ 7 ಗಂಟೆಗೆ ನಿಲ್ಲಿಸಿ. ಪೂರ್ತಿ ಹೀರಿದರೆ ಬ್ಯಾಟರಿ ಬೇಗ ಸಾಯುತ್ತದೆ. ಬ್ಯಾಟರಿಯ ಪ್ಲಸ್ ವೈರಿಗೆ ಒಂದು ಫ್ಯೂಸ್ ಹಾಕಲು ಮರೆಯಬೇಡಿ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಈ ಐಸಿಯಲ್ಲಿ ಸ್ಪೀಕರಿನ ಮೈನಸ್ ಅಂದರೆ ಗ್ರೌಂಡ್ ಅಲ್ಲ, ಎರಡು ವೈರಿನಲ್ಲೂ ಸದ್ದು ಹರಿಯುತ್ತದೆ. ಹಳೇ ಅಭ್ಯಾಸದಲ್ಲಿ ನಾನು ಎರಡೂ ಸ್ಪೀಕರಿನ ಮೈನಸ್ ಸೇರಿಸಿ ಗ್ರೌಂಡಿಗೆ ಕೊಟ್ಟೆ. ಹೀಟ್‌ಸಿಂಕ್ (ಐಸಿಯ ಬಿಸಿ ಹೊರಹಾಕುವ ಲೋಹದ ತುಂಡು) ಮುಟ್ಟಲಾಗದಷ್ಟು ಕಾದು ಬೋರ್ಡ್ ಸತ್ತೇ ಹೋಯಿತು. ನಾಲ್ಕು ವೈರು, ನಾಲ್ಕೂ ಬೇರೆ ಬೇರೆ.

ಉಳಿದ ದುಡ್ಡು ಪೂರ್ತಿ ಸ್ಪೀಕರಿಗೆ ಹಾಕಿ. ಹಳೇ ಟಿವಿಯ 8 ಓಮ್ ಸ್ಪೀಕರ್ ಸಿಕ್ಕರೆ ಅದೃಷ್ಟ. ಕಾರಿನದ್ದು ಸಾಮಾನ್ಯವಾಗಿ 4 ಓಮ್, ಕರೆಂಟ್ ಹೆಚ್ಚು ಎಳೆಯುತ್ತದೆ, ಈ ಐಸಿಗೆ ಭಾರ. ಸ್ಪೀಕರಿನ ಪೆಟ್ಟಿಗೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ನಮ್ಮ ಮಳೆಗೆ ಹಪ್ಪಳದ ಹಾಗೆ ಉಬ್ಬುತ್ತದೆ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಹಲಗೆ ಇದ್ದರೆ ಅದರಲ್ಲೇ ಮಾಡಿ, ಸಂದುಗಳನ್ನು ಫೆವಿಕಾಲ್ ಹಾಕಿ ಮುಚ್ಚಿ, ಒಳಗೆ ಹಳೇ ದಿಂಬಿನ ಹತ್ತಿ ಸ್ವಲ್ಪ ತುಂಬಿ. ಮಾಡಿದ ದಿನವೇ ವ್ಯತ್ಯಾಸ ಕೇಳುತ್ತದೆ.

ಬೆಸುಗೆಗೆ ರಾಳದ ಪೇಸ್ಟೇ ಇರಲಿ, ಆಸಿಡ್ ಬೇಡ. ಆಸಿಡ್ ಉಳಿದ ಕಡೆ ಒಂದೇ ಮಳೆಗಾಲಕ್ಕೆ ತಾಮ್ರ ಹಸಿರಾಗುತ್ತದೆ. ನನ್ನದನ್ನು ಜೂನ್ ಬಂತೆಂದರೆ ಅಡುಗೆಮನೆಗೆ ಸಾಗಿಸುತ್ತೇನೆ. ಒಲೆಯ ಬಿಸಿಗೆ ಪಸೆ ಹಿಡಿಯಲ್ಲ. ಹೊಗೆ ವಾಸನೆ ಬರುತ್ತದೆ, ಅಷ್ಟೇ.