ಬೀಟ್ ಸಮಿತಿಗೆ ಸೇರಲಾ, ಸುಮ್ನೆ ಇರಲಾ?

ನಿಮ್ಮ ಪ್ರಶ್ನೆ ಓದಿದೆ. ಊರು ಜೇವರ್ಗಿ ಕಡೆ, ಮನೆ ಹೈವೇ ಬಗಲಿಗೇ ಇದೆ, ಆಗಾಗ ಆಕ್ಸಿಡೆಂಟ್ ನೋಡುತ್ತೀರಿ. ಬೀಟ್ ಪೊಲೀಸರು, ಅಂದರೆ ನಿಮ್ಮ ಪ್ರದೇಶ ನೋಡಿಕೊಳ್ಳುವ ಪೊಲೀಸರು, ನಾಗರಿಕರ ಸಮಿತಿಗೆ ಸೇರಿ ಅನ್ನುತ್ತಿದ್ದಾರೆ. ಮನೆಯಲ್ಲಿ ಮಾತ್ರ ‘ಚಾಡಿಕೋರ ಅನ್ನಿಸ್ಕೋತಿ, ಬ್ಯಾಡ’ ಅಂತಿದ್ದಾರೆ. ಸೇರಿದರೆ ಏನಾದರೂ ಉಪಯೋಗ ಇದೆಯಾ ಅಂತ ಕೇಳಿದ್ದೀರಿ.

ಸೇರಿ ಅಂತಲೇ ಹೇಳುತ್ತೇನೆ. ಇದರಲ್ಲಿ ನನ್ನ ಸ್ವಾರ್ಥವೂ ಇದೆ. ನಾನು ಕಲಬುರಗಿ ಜಿಲ್ಲೆಯಲ್ಲಿ 108 ಆಂಬುಲೆನ್ಸ್‌ನಲ್ಲಿ ಇಎಂಟಿ. ಅಂದರೆ ಹಿಂದೆ ಪೇಶಂಟ್ ಜೊತೆ ಕೂರುವವನು. ಗಾಡಿ ಓಡಿಸುವವರಿಗೆ ನಮ್ಮಲ್ಲಿ ಪೈಲಟ್ ಅಂತಾರೆ. (ಕೆಲವು ರಸ್ತೆಗಳಲ್ಲಿ ಗಾಡಿ ಹಾರುವುದೂ ನಿಜ ಬಿಡಿ.) ನಾವು ಬರುವ ಮುಂಚೆ ಹತ್ತು ಹದಿನೈದು ನಿಮಿಷ ಆ ಜಾಗ ಊರವರ ಕೈಯಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ಅವರು ಏನು ಮಾಡುತ್ತಾರೋ ಅದರ ಮೇಲೆ ಗಾಯಾಳುವಿನ ಜೀವ ಮಾತ್ರವಲ್ಲ, ನಮ್ಮ ಕೈಕಾಲೂ ನಿಂತಿದೆ.

ಒಂದು ರಾತ್ರಿಯ ಕತೆ ಹೇಳುತ್ತೇನೆ. ಕಬ್ಬು ಕಡಿಯುವ ಕಾಲ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ರಸ್ತೆ ಮೇಲೆಯೇ ನಿಂತಿತ್ತು. ಹಿಂದೆ ಲೈಟೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಬೈಕಿನ ಹುಡುಗ ನೇರ ಹೋಗಿ ಗುದ್ದಿದ್ದ. ನಾವು ಹೋದಾಗ ಐವತ್ತು ಅರವತ್ತು ಜನ ರಸ್ತೆ ತುಂಬ ನಿಂತಿದ್ದರು. ಅರ್ಧ ಜನ ವಿಡಿಯೊ ಮಾಡುತ್ತಿದ್ದರು, ಉಳಿದವರು ಟ್ರ್ಯಾಕ್ಟರ್ ಡ್ರೈವರ್‌ನನ್ನು ಹುಡುಕುತ್ತಿದ್ದರು. ನಾನು ಮೊಣಕಾಲೂರಿ ಹುಡುಗನ ಕುತ್ತಿಗೆಗೆ ಕಾಲರ್ ಹಾಕುತ್ತಿದ್ದೆ. ಪೈಲಟ್ ಸ್ಟ್ರೆಚರ್ ಎಳೆಯುತ್ತಿದ್ದರು. ಹಿಂದಿನಿಂದ ಲಾರಿ ಬಂತು. ಡ್ರೈವರ್ ಜನರನ್ನು ನೋಡಿ ಬ್ರೇಕ್ ಹೊಡೆದ. ಗಾಡಿ ಜಾರಿತು. ಜನ ಹೊಲಕ್ಕೆ ಹಾರಿದರು. ಸ್ಟ್ರೆಚರ್ ಬಿಡಲಾಗದೆ ನಿಂತ ನಮ್ಮ ಪೈಲಟ್‌ನ ಕಾಲು ಮುರಿಯಿತು.

ತಪ್ಪು ನಮ್ಮದೂ ಇತ್ತು. ಅವಸರದಲ್ಲಿ ಗಾಡಿಯನ್ನು ಅಪಘಾತದ ಜಾಗ ದಾಟಿಸಿ ನಿಲ್ಲಿಸಿದ್ದೆವು. ನಮಗೂ ಬರುವ ವಾಹನಗಳಿಗೂ ನಡುವೆ ಏನೂ ಇರಲಿಲ್ಲ. ಮೊದಲು ಬಂದ ಗಾಡಿ ಅಪಘಾತಕ್ಕಿಂತ ಹಿಂದೆ, ಸ್ವಲ್ಪ ಓರೆಯಾಗಿ, ಗೋಡೆ ಥರ ನಿಲ್ಲಬೇಕು. 112ರ ಪೊಲೀಸ್ ಗಾಡಿ ಮೊದಲೇ ಬಂದು ಹಾಗೆ ನಿಂತಿದ್ದರೆ ನಾವು ಮುಂದೆ ಹೋಗಿ ನಿಲ್ಲಬಹುದು. ಆಗ ಹಿಂಬಾಗಿಲು ತೆರೆದು ನೆಮ್ಮದಿಯಿಂದ ಪೇಶಂಟ್ ಹತ್ತಿಸಬಹುದು. ಆವತ್ತು ನೂರು ಮೀಟರ್ ಹಿಂದೆ ಒಬ್ಬನೇ ಒಬ್ಬ ಟಾರ್ಚ್ ಬೀಸುತ್ತಾ ನಿಂತಿದ್ದರೂ ಸಾಕಾಗುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಯಾಕಂದ್ರೆ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಜಾಗ, ಕಟ್ಟಿಸಂಗಾವಿ ಸೇತುವೆ ದಾಟಿ ಸ್ವಲ್ಪ ಮುಂದೆ. ಅಲ್ಲಿನ ಧಾಬಾ ಕಾಕಾ ಬೀಟ್ ಸಮಿತಿಯಲ್ಲಿದ್ದಾರೆ. ಕೂಲಿಯವರನ್ನು ತುಂಬಿಕೊಂಡ ಕ್ರೂಸರ್ ಜೀಪು ಟಂಟಂಗೆ (ಮೂರು ಚಕ್ರದ ಆಟೊಗೆ) ಗುದ್ದಿದ ದಿನ ನಾವು ಅಲ್ಲಿಗೆ ಹೋದೆವು. ದೂರದಿಂದಲೇ ಸುಣ್ಣ ಬಳಿದ ಎರಡು ಡ್ರಮ್ ಕಂಡವು. ಅವುಗಳ ಪಕ್ಕ, ರಸ್ತೆ ಅಂಚಿನಲ್ಲಿ, ಟಾರ್ಚ್ ಹಿಡಿದ ಹುಡುಗ. ಜನ ಇದ್ದರು, ಆದರೆ ದಾರಿಯೂ ಇತ್ತು. ಕಾಕಾ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು: ‘ಏ ಮಲ್ಲ್ಯಾ, ಹಿಂದಕ್ಕ ಸರಿ. ನಿಮ್ಮಪ್ಪಗ ಹೇಳ್ತೀನಿ ನೋಡು!’ ಲಾಠಿ ಹಿಡಿದ ಹತ್ತು ಪೊಲೀಸರಿಂದ ಆಗದ ಕೆಲಸ ಈ ಒಂದು ಮಾತಿಗೆ ಆಗುತ್ತದೆ.

ಕಾಕಾ ಮಾಡಿದ ದೊಡ್ಡ ಕೆಲಸ ಬೇರೆ ಇದೆ. ಕ್ರೂಸರ್ ಡ್ರೈವರ್‌ನನ್ನು ಅವರು ಧಾಬಾ ಒಳಗೆ ಕೂರಿಸಿ, ಬಾಗಿಲಿಗೆ ತಾವೇ ಕುರ್ಚಿ ಹಾಕಿಕೊಂಡಿದ್ದರು. ‘ಪೊಲೀಸ್ರು ಬರೋತನ ಯಾರೂ ಒಳಗ ಹೋಗಂಗಿಲ್ಲ.’ ಡ್ರೈವರ್‌ಗೆ ಹೊಡೆತ ಬಿದ್ದರೆ ನಮಗೆ ಇನ್ನೊಬ್ಬ ಪೇಶಂಟ್. ಅದಕ್ಕಿಂತ ಹೆಚ್ಚಾಗಿ, ಸಿಟ್ಟಿಗೆದ್ದ ಗುಂಪು ಆಮೇಲೆ ಯಾರ ಮೇಲೆ ತಿರುಗುತ್ತದೆ ಅಂತ ಹೇಳಲು ಬರುವುದಿಲ್ಲ. ‘ಇಷ್ಟೊತ್ತು ಎಲ್ಲಿದ್ರಿ’ ಅಂತ ನಮ್ಮ ಗಾಜು ಒಡೆದದ್ದೂ ಇದೆ.

ಬೀದರ್ ಜಿಲ್ಲೆಯ ಮುರ್ಕಿ ನೆನಪಿದೆಯಲ್ವಾ? 2018ರ ಜುಲೈ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಸುಳ್ಳು ಸುದ್ದಿ ಹರಡಿತು. ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸಮಿತಿಗೆ ಸೇರಿದ ಮೇಲೆ ಅರ್ಧ ಪೊಲೀಸ್ ಆದೆ ಅಂದುಕೊಳ್ಳಬೇಡಿ. ಬಂದವರ ಗಾಡಿ ತಡೆಯುವುದು, ಆಧಾರ್ ಕಾರ್ಡ್ ಕೇಳುವುದು ನಿಮ್ಮ ಕೆಲಸವಲ್ಲ. ಅನುಮಾನ ಬಂತಾ, 112ಕ್ಕೆ ಹೇಳಿ. ಊರಿನ ಗ್ರೂಪಿನಲ್ಲಿ ಸುಳ್ಳು ಸುದ್ದಿ ಬಂತಾ, ಬೀಟ್ ಪೊಲೀಸರಿಗೆ ಕೇಳಿ ಅಲ್ಲೇ ಉತ್ತರ ಹಾಕಿ. ಅದಕ್ಕಿಂತ ದೊಡ್ಡ ಬಂದೋಬಸ್ತ್ ಇನ್ನೊಂದಿಲ್ಲ.

ಚಾಡಿಕೋರ ಅನ್ನುವ ಭಯ ಸುಳ್ಳಲ್ಲ. 2017ರಲ್ಲಿ ರಾಜ್ಯದಲ್ಲಿ ಹೊಸ ಬೀಟ್ ವ್ಯವಸ್ಥೆ ಬಂದಾಗ ಒಬ್ಬೊಬ್ಬ ಪೊಲೀಸ್‌ಗೆ ಇಷ್ಟಿಷ್ಟು ಪ್ರದೇಶ ಅಂತ ಹಂಚಿ, ಅಲ್ಲಿಯ ಜನರನ್ನೂ ಜೊತೆಗೆ ಸೇರಿಸಿಕೊಂಡರು. ಯೋಚನೆ ಒಳ್ಳೆಯದೇ. ಆದರೆ ಕೆಲವು ಊರುಗಳಲ್ಲಿ ಸಮಿತಿ ಅಂದರೆ ಲೀಡರ್‌ನ ನಾಲ್ಕು ಜನ, ಒಂದು ಫೋಟೊ, ಚಹಾ, ಭಜಿ, ಮುಗೀತು. ಅಂಥ ಕಡೆ ಜನ ಅನುಮಾನ ಪಡುವುದು ಸಹಜ. ಎಲ್ಲ ಓಣಿಯವರೂ, ಹೆಂಗಸರೂ ಇರಲಿ ಅಂತ ಮೊದಲ ದಿನವೇ ಕೇಳಿ. ಹೊಲದ ಜಗಳ, ಅಣ್ಣತಮ್ಮಂದಿರ ಜಗಳಕ್ಕೆ ಕೈ ಹಾಕಬೇಡಿ. ಅಲ್ಲಿ ಕೈ ಹಾಕಿದವರಿಗೇ ಆ ಹೆಸರು ಅಂಟುವುದು.

ಕೋರ್ಟ್ ಕಚೇರಿ ಅಲೆದಾಟದ ಹೆದರಿಕೆಯಿಂದಲೂ ಜನ ಗಾಯಾಳುವನ್ನು ಮುಟ್ಟುವುದಿಲ್ಲ. ಇದು ಹಳೆಯ ಮಾತಾಯಿತು. 2016ರಲ್ಲೇ ಸುಪ್ರೀಂ ಕೋರ್ಟ್ ನೆರವಾದವರಿಗೆ ರಕ್ಷಣೆ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಆಸ್ಪತ್ರೆಗೆ ಸೇರಿಸಿದವರ ಹೆಸರು, ವಿಳಾಸ ಕೊಡಲೇಬೇಕು ಅಂತ ಬಲವಂತ ಮಾಡುವ ಹಾಗಿಲ್ಲ. ಗಂಭೀರ ಗಾಯಾಳುವನ್ನು ಮೊದಲ ಒಂದು ತಾಸಿನೊಳಗೆ ಆಸ್ಪತ್ರೆ ಸೇರಿಸಿದವರಿಗೆ ‘ರಾಹ್‌ವೀರ್’ ಯೋಜನೆಯಲ್ಲಿ 25,000 ರೂಪಾಯಿ ಬಹುಮಾನವೂ ಇದೆ. 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಅಪಘಾತವಾದವರಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಕ್ಯಾಶ್‌ಲೆಸ್ ಚಿಕಿತ್ಸೆ ಸಿಗುತ್ತದೆ. ಇದನ್ನು ಊರಲ್ಲಿ ನಾಲ್ಕು ಜನಕ್ಕೆ ಹೇಳಿದರೂ ಸಮಿತಿ ಸಾರ್ಥಕ.

ಮೊದಲ ಮೀಟಿಂಗ್‌ನಲ್ಲಿ ಲೈನ್‌ಮನ್ ನಂಬರ್ ಕೇಳಿ ಎಲ್ಲರ ಫೋನಿಗೂ ಹಾಕಿಸಿ. ಗಾಡಿ ಕರೆಂಟ್ ಕಂಬಕ್ಕೆ ಗುದ್ದಿ ತಂತಿ ಜೋತು ಬಿದ್ದಿದ್ದರೆ ನಾವೂ ಹತ್ತಿರ ಹೋಗುವುದಿಲ್ಲ, ನೀವೂ ಹೋಗಬಾರದು. ಸಪ್ಲೈ ಬಂದ್ ಆಗಿದೆ ಅಂತ ಲೈನ್‌ಮನ್ ಬಾಯಿಂದಲೇ ಕೇಳಬೇಕು. ಕರೆಂಟ್ ಕಂಪನಿ ಜೆಸ್ಕಾಂನ ಸಹಾಯವಾಣಿ 1912 ಇದೆ ನಿಜ, ಆದರೆ ನಿಮ್ಮೂರ ಲೈನ್‌ಮನ್ ಯಾವ ಕಟ್ಟೆ ಮೇಲೆ ಕೂತಿದ್ದಾನೆ ಅಂತ ನಿಮಗೇ ಚೆನ್ನಾಗಿ ಗೊತ್ತಲ್ವಾ? ಗುದ್ದಿದ ಗಾಡಿಯ ಕೀಲಿ ತಿರುಗಿಸಿ ಬಂದ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಸುತ್ತಮುತ್ತ ಯಾರೂ ಬೀಡಿ ಹಚ್ಚಬಾರದು. ಟ್ಯಾಂಕರ್ ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಯೇ, ದೂರ ನಿಲ್ಲಿ. ಗಾಡಿಗೆ ಬೆಂಕಿ ಹತ್ತುವ ಹಾಗಿಲ್ಲ ಅಂದರೆ ಒಳಗಿದ್ದವರನ್ನು ಎಳೆದಾಡಬೇಡಿ. ನೀರು ಕುಡಿಸಬೇಡಿ. ಇದೊಂದು ಮಾತು ನಾನು ಎಷ್ಟು ಸಲ ಹೇಳಿದ್ದೇನೋ, ಆದರೂ ಪ್ರತಿ ಸಲ ಯಾರೋ ಒಬ್ಬ ಅಜ್ಜಿ ತಂಬಿಗೆ ಹಿಡಿದುಕೊಂಡು ಬಂದಿರುತ್ತಾಳೆ.

108ಕ್ಕೆ ಫೋನ್ ಮಾಡಿದಾಗ ‘ಹುಣಸಿ ಗಿಡದ ಹಂತ್ಯಾಕ’ ಅಂದರೆ ಬೆಂಗಳೂರಲ್ಲಿ ಫೋನ್ ಎತ್ತಿದವರಿಗೆ ತಿಳಿಯುವುದಿಲ್ಲ. ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲೆ ಏನು ಬರೆದಿದೆ ನೋಡಿ ಹೇಳಿ. ಆಮೇಲೆ ಅದೇ ಫೋನನ್ನು ಖಾಲಿ ಇಟ್ಟುಕೊಳ್ಳಿ, ದಾರಿ ಕೇಳಲು ನಮ್ಮ ಪೈಲಟ್ ಆ ನಂಬರಿಗೇ ಫೋನ್ ಮಾಡುತ್ತಾರೆ.